ನರಕೋಶದಿಂದ ಮನುಷ್ಯನವರೆಗೆ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಪಂಪನನ್ನು, ಬಸವಣ್ಣನವರನ್ನು, ಕುಮಾರವ್ಯಾಸನನ್ನು ನೆನೆಯದೆ ನಮ್ಮ ಯಾವ ಉತ್ಸವವೂ ಮುಗಿಯುವುದಿಲ್ಲ, ಮುಗಿಯಲೂ ಬಾರದು. ಆದರೆ ಇಂದು ನಾವು ತಮ್ಮ ಮುಂದಿಡಬೇಕೆಂದಿರುವುದು ಕನ್ನಡಿಗನೊಬ್ಬನ ಕಥೆಯಲ್ಲ, ಇಂಗ್ಲೆಂಡಿನ ವಿಜ್ಞಾನಿಯೊಬ್ಬರ ಬಾಳಿನ ಕಥೆ. ಅದು ಈ ವೇದಿಕೆಗೆ ಹೇಗೆ ಸಲ್ಲುತ್ತದೆ ಎಂದು ಕೇಳುವ ಹಕ್ಕು ತಮಗುಂಟು.

ಈ ಮುಂಬಯಿ ನಗರದಲ್ಲಿ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷು ಆಡುತ್ತ ಬೆಳೆಯುತ್ತಾರೆ. ಅವರಲ್ಲಿ ಬಹುಮಂದಿ ವಿಜ್ಞಾನವನ್ನು ಓದುತ್ತಾರೆ; ಕೆಲವರು ವೈದ್ಯರಾಗುತ್ತಾರೆ. "ವಿಜ್ಞಾನ ಓದುವವನಿಗೆ ಸಾಹಿತ್ಯ ಏತಕ್ಕೆ? ಡಾಕ್ಟರಾಗುವವನಿಗೆ ಕನ್ನಡ ಏತಕ್ಕೆ?" ಎಂಬ ಪ್ರಶ್ನೆಯನ್ನು ಮಕ್ಕಳೂ ಕೇಳುತ್ತಾರೆ, ನಿಜ ಹೇಳಬೇಕೆಂದರೆ ತಂದೆತಾಯಿಗಳೂ ಕೇಳುತ್ತಾರೆ. ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಒಂದು ಜೀವನದಿಂದ ಉತ್ತರ ಕೊಡುವುದು ಲೇಸು. ಆ ಜೀವನ ಸರ್ ಚಾರ್ಲ್ಸ್ ಷೆರಿಂಗ್ಟನ್ ಅವರದು.

ಷೆರಿಂಗ್ಟನ್ ಹುಟ್ಟಿದ್ದು ಲಂಡನ್ನಿನಲ್ಲಿ, 1857ರ ನವೆಂಬರ್ 27ರಂದು. ಬೆಳೆದದ್ದು ಇಪ್ಸ್ವಿಚ್ ಎಂಬ ಊರಿನಲ್ಲಿ, ಕೇಲೆಬ್ ರೋಸ್ ಎಂಬ ಶಸ್ತ್ರವೈದ್ಯರ ಮನೆಯಲ್ಲಿ. ಆ ಮನೆಯಲ್ಲಿ ಪುಸ್ತಕಗಳೂ ಚಿತ್ರಗಳೂ ಹಳೆಯ ಕಾಲದ ವಸ್ತುಗಳೂ ತುಂಬಿದ್ದುವು. ಶಾಲೆಯಲ್ಲಿ ಅವರಿಗೆ ದೊರೆತ ಉಪಾಧ್ಯಾಯರಲ್ಲಿ ಥಾಮಸ್ ಆ್ಯಷ್ ಎಂಬ ಕವಿಯೊಬ್ಬರಿದ್ದರು. ಹೀಗೆ ಹುಡುಗನಿಗೆ ಒಂದು ಕಡೆ ವೈದ್ಯನ ಕತ್ತರಿ, ಇನ್ನೊಂದು ಕಡೆ ಕವಿಯ ಲೇಖನಿ, ಎರಡೂ ಎಳೆಯ ವಯಸ್ಸಿನಲ್ಲೇ ಕಣ್ಣಿಗೆ ಬಿದ್ದುವು. ಮುಂದೆ ಕೇಂಬ್ರಿಜ್ಜಿನಲ್ಲಿ ಮೈಕೇಲ್ ಫಾಸ್ಟರ್ ಅವರ ಬಳಿ ಶರೀರಕ್ರಿಯಾಶಾಸ್ತ್ರವನ್ನು ಅಭ್ಯಾಸ ಮಾಡಿದರು. 1885ರಲ್ಲಿ ಸ್ಪೇನಿಗೆ, ಮರುವರ್ಷ ಇಟಲಿಗೆ, ಕಾಲರಾ ಬೇನೆಯನ್ನು ಪರಿಶೀಲಿಸಲು ಹೋದರು. ಬರ್ಲಿನ್ನಿಗೆ ಹೋಗಿ ವಿರ್ಖೋ ಅವರನ್ನು ಕಂಡು, ರಾಬರ್ಟ್ ಕಾಖ್ ಅವರ ಬಳಿ ಸೂಕ್ಷ್ಮಾಣು ವಿದ್ಯೆಯನ್ನು ಕಲಿತರು.

1894ರಲ್ಲಿ ನಡೆದ ಒಂದು ಸಂಗತಿ ಈ ಮನುಷ್ಯರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಆಗ ಗಂಟಲಮಾರಿ ಮಕ್ಕಳ ಪಾಲಿನ ಮೃತ್ಯು. ಬೇರಿಂಗ್ ಮತ್ತು ಕಿತಾಸಾತೊ ಅವರು 1890ರಲ್ಲಿ ಆ ರೋಗದ ವಿಷಕ್ಕೆ ಪ್ರತಿವಿಷವನ್ನು ಪ್ರಾಣಿಗಳ ರಕ್ತದಲ್ಲಿ ಕಂಡುಕೊಂಡಿದ್ದರು. ಷೆರಿಂಗ್ಟನ್ ಮತ್ತು ಅವರ ಸಹೋದ್ಯೋಗಿ ರಫರ್ ಅವರು ಲಂಡನ್ನಿನಲ್ಲಿ ಒಂದು ಕುದುರೆಗೆ ಕೊಂಚ ಕೊಂಚವಾಗಿ ಆ ವಿಷವನ್ನು ಕೊಟ್ಟು ಪ್ರತಿವಿಷವನ್ನು ಸಿದ್ಧಪಡಿಸುತ್ತಿದ್ದರು. ಕೆಲಸ ಇನ್ನೂ ಮುಗಿದಿರಲಿಲ್ಲ. ಒಂದು ಶನಿವಾರ ಸಂಜೆ, ಹಳ್ಳಿಯಲ್ಲಿದ್ದ ಹೆಂಡತಿಯ ಕಡೆಯ ಬಂಧುವಿನಿಂದ ತಂತಿ ಬಂದಿತು: ಮಗನಿಗೆ ಗಂಟಲಮಾರಿ ಹತ್ತಿದೆ. ಷೆರಿಂಗ್ಟನ್ ಕುದುರೆಯ ಲಾಯಕ್ಕೆ ಹೋಗಿ ದೀಪದ ಬೆಳಕಿನಲ್ಲಿ ಅದರ ರಕ್ತವನ್ನು ತೆಗೆದು, ಅದರಿಂದ ಬಂದ ರಸವನ್ನು ಕೊಂಡು ರೈಲು ಹತ್ತಿದರು. ಊರಿನ ವೃದ್ಧ ವೈದ್ಯರು ಆಸೆ ಬಿಟ್ಟಿದ್ದರು. ಚುಚ್ಚುಮದ್ದು ಹಾಕಿದರು, ಬಾಲಕ ಬದುಕಿ ಉಳಿದ. ಬ್ರಿಟನ್ನಿನಲ್ಲಿ ಈ ಚಿಕಿತ್ಸೆಯನ್ನು ಪಡೆದ ಮೊದಲಿಗರಲ್ಲಿ ಆ ಹುಡುಗನೊಬ್ಬ. ಪ್ರಯೋಗಶಾಲೆಗೂ ಮಗುವಿನ ಹಾಸಿಗೆಗೂ ನಡುವಿನ ಹಾದಿ ಎಷ್ಟು ಹತ್ತಿರ, ಎಷ್ಟು ದೂರ ಎಂಬುದನ್ನು ಅವರು ಆ ಒಂದು ರಾತ್ರಿಯಲ್ಲಿ ನಡೆದು ತಿಳಿದರು.

ಆದರೆ ಅವರ ಬಾಳಿನ ಮುಖ್ಯ ಕೆಲಸ ನರಗಳದು. ಇದನ್ನು ತಿಳಿಯಲು ತಾವೆಲ್ಲರೂ ವೈದ್ಯರ ಕೋಣೆಯಲ್ಲಿ ಕಂಡಿರುವ ಒಂದು ಪರೀಕ್ಷೆಯನ್ನು ನೆನೆಯಿರಿ. ಕಾಲನ್ನು ಜೋಲುಬಿಟ್ಟು ಕುಳಿತವನ ಮಂಡಿಚಿಪ್ಪಿನ ಕೆಳಗೆ ವೈದ್ಯರು ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಕಾಲು ತಾನಾಗಿ ಮುಂದಕ್ಕೆ ಜಿಗಿಯುತ್ತದೆ. ಇದನ್ನು ರೋಗಪರೀಕ್ಷೆಯಾಗಿ 1875ರಲ್ಲಿ ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಎಂಬ ವೈದ್ಯರು ವರ್ಣಿಸಿದರು. ಕಾಲು ಏಕೆ ಜಿಗಿಯುತ್ತದೆ? ತಟ್ಟಿದಾಗ ತೊಡೆಯ ಮುಂಭಾಗದ ಸ್ನಾಯು ಕೊಂಚ ಹಿಗ್ಗುತ್ತದೆ. ಆ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಓಡುತ್ತದೆ. ಅಲ್ಲಿಂದ ಇನ್ನೊಂದು ನರಕೋಶ ಅಪ್ಪಣೆ ಕೊಟ್ಟು ಅದೇ ಸ್ನಾಯುವನ್ನು ಕುಗ್ಗಿಸುತ್ತದೆ. ಮಿದುಳಿನ ಅಪ್ಪಣೆಗೆ ಕಾಯುವ ಅಗತ್ಯವೇ ಇಲ್ಲ. ಇಷ್ಟು ಸಣ್ಣ ಕ್ರಿಯೆಯನ್ನು ಹಿಡಿದು ಷೆರಿಂಗ್ಟನ್ ಇಡೀ ನರಮಂಡಲದ ರಾಜ್ಯಭಾರವನ್ನು ಅರಿಯಲು ಹೊರಟರು.

ಆ ಕಾಲದಲ್ಲಿ ಒಂದು ದೊಡ್ಡ ವಾದವಿತ್ತು. ನರಗಳೆಲ್ಲ ಬಲೆಯಂತೆ ಒಂದಕ್ಕೊಂದು ಕೂಡಿಕೊಂಡಿವೆಯೆಂದು ಕೆಲವರು. ಪ್ರತಿಯೊಂದು ನರಕೋಶವೂ ಬೇರೆ ಬೇರೆ, ಒಂದನ್ನೊಂದು ಮುಟ್ಟಬಲ್ಲವೇ ಹೊರತು ಬೆರೆಯವು ಎಂದು ಸ್ಪೇನಿನ ಕಹಾಲ್. 1894ರಲ್ಲಿ ಕಹಾಲ್ ಉಪನ್ಯಾಸ ಕೊಡಲು ಲಂಡನ್ನಿಗೆ ಬಂದಾಗ ಉಳಿದುಕೊಂಡದ್ದು ಷೆರಿಂಗ್ಟನ್ನರ ಮನೆಯಲ್ಲೇ. ಕಹಾಲ್ ಸೂಕ್ಷ್ಮದರ್ಶಕದಲ್ಲಿ ಕಂಡ ಆಕಾರಕ್ಕೆ ಷೆರಿಂಗ್ಟನ್ ಕ್ರಿಯೆಯ ಆಧಾರವನ್ನು ಒದಗಿಸಿದರು. ಸುದ್ದಿ ಬೆನ್ನುಹುರಿಯನ್ನು ದಾಟುವಾಗ ಒಂದು ಕ್ಷಣ ತಡವಾಗುತ್ತದೆ. ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಹಿಂತಿರುಗುವುದಿಲ್ಲ. ಆದುದರಿಂದ ಕೋಶಕ್ಕೂ ಕೋಶಕ್ಕೂ ನಡುವೆ ಒಂದು ಕಟ್ಟೆಯುಂಟು ಎಂದು ಅವರು ಊಹಿಸಿದರು.

ಆ ಜಾಗಕ್ಕೆ ಹೆಸರು ಬೇಕಾಯಿತು. 1897ರಲ್ಲಿ ಗುರು ಫಾಸ್ಟರ್ ಅವರ ಪಠ್ಯಪುಸ್ತಕಕ್ಕೆ ನರಗಳ ಭಾಗವನ್ನು ಬರೆಯುವಾಗ ಷೆರಿಂಗ್ಟನ್ ಒಂದು ಪದವನ್ನು ಸೂಚಿಸಿದರು. ಫಾಸ್ಟರ್ ಅದನ್ನು ಕೇಂಬ್ರಿಜ್ಜಿನ ಗ್ರೀಕ್ ವಿದ್ವಾಂಸ ವೆರಾಲ್ ಅವರಿಗೆ ತೋರಿಸಿದರು. ಯೂರಿಪಿಡೀಸನ ನಾಟಕಗಳಲ್ಲಿ ಮುಳುಗಿದ್ದ ಆ ಪಂಡಿತರು ಅದರ ಬದಲು 'ಸಿನಾಪ್ಸ್' ಎಂಬ ಪದವನ್ನು ಕೊಟ್ಟರು. ಒಂದನ್ನೊಂದು ಹಿಡಿದುಕೊಳ್ಳುವುದು ಎಂದು ಅದರ ಧಾತ್ವರ್ಥ. ಇಂದು ಜಗತ್ತಿನ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಯ ಬಾಯಲ್ಲಿರುವ ಈ ಶಬ್ದ ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ಸಾಹಿತ್ಯವನ್ನು ಓದಿದವನೊಬ್ಬನ ಕೊಠಡಿಯಲ್ಲಿ.

ಕನ್ನಡದಲ್ಲಿ ಅದನ್ನು ನಾವು 'ನರಸಂಧಿ' ಎಂದರೆ ತಪ್ಪಾಗಲಾರದು. ಸಂಧಿಯೆಂದರೆ ಏನೆಂಬುದು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. 'ಊರು' 'ಇಂದ' ಸೇರಿ 'ಊರಿಂದ' ಆಗುವಾಗ ಒಂದು ಸ್ವರ ಲೋಪವಾಗುತ್ತದೆ. 'ಮನೆ' 'ಇಂದ' ಸೇರಿ 'ಮನೆಯಿಂದ' ಆಗುವಾಗ ಯಕಾರ ಹೊಸದಾಗಿ ಬರುತ್ತದೆ. 'ಮಳೆ' 'ಕಾಲ' ಸೇರಿ 'ಮಳೆಗಾಲ' ಆಗುವಾಗ ಕಕಾರದ ಜಾಗಕ್ಕೆ ಗಕಾರ ಬಂದು ಕೂರುತ್ತದೆ. ಲೋಪ, ಆಗಮ, ಆದೇಶ. ಎರಡು ಕೂಡುವ ಜಾಗದಲ್ಲಿಯೇ ಬದಲಾವಣೆ ನಡೆಯುವುದು. ನರಸಂಧಿಯಲ್ಲಿಯೂ ಅಷ್ಟೆ: ಬಂದ ಸುದ್ದಿ ಅಲ್ಲಿ ಅಡಗಬಹುದು, ಬೇರೆ ಸುದ್ದಿಗಳೊಡನೆ ಕೂಡಿ ಬಲಗೊಳ್ಳಬಹುದು, ಬೇರೊಂದು ರೂಪ ತಾಳಬಹುದು. ಆದರೆ ಉಪಮಾನಕ್ಕೆ ಒಂದು ಮಿತಿಯುಂಟು. ವ್ಯಾಕರಣದ ಸಂಧಿಯಲ್ಲಿ ಎರಡು ಪದಗಳು ಒಂದಾಗುತ್ತವೆ. ನರಸಂಧಿಯಲ್ಲಿ ಎರಡು ಕೋಶಗಳು ಎಂದಿಗೂ ಒಂದಾಗುವುದಿಲ್ಲ. ನಡುವೆ ಸುಮಾರು 20 ನ್ಯಾನೊಮೀಟರಿನ, ಎಂದರೆ ಒಂದು ಮಿಲಿಮೀಟರನ್ನು ಐವತ್ತು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು, ಬಿರುಕು ಇರುತ್ತದೆ. ಅದನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಸ್ಪಷ್ಟವಾಗಿ ತೋರಿಸಿದ್ದು 1950ರ ದಶಕದ ಮಧ್ಯದಲ್ಲಿ. ಷೆರಿಂಗ್ಟನ್ 1952ರಲ್ಲಿ ತೀರಿಕೊಂಡಿದ್ದರು. ಹೆಸರಿಟ್ಟವರಿಗೆ ಅದನ್ನು ಕಣ್ಣಾರೆ ಕಾಣುವ ಭಾಗ್ಯವಿರಲಿಲ್ಲ.

ಷೆರಿಂಗ್ಟನ್ ತಿಳಿಸಿಕೊಟ್ಟ ಇನ್ನೊಂದು ಸತ್ಯ ತಡೆಯ ಮಹತ್ವ. ನಾವು ತೋಳನ್ನು ಮಡಿಸುವಾಗ ಮುಂಭಾಗದ ಸ್ನಾಯು ಕುಗ್ಗುತ್ತದೆ. ಅದೇ ಗಳಿಗೆಯಲ್ಲಿ ಹಿಂಭಾಗದ ಸ್ನಾಯು ಸಡಿಲಗೊಳ್ಳಬೇಕು. ಅದು ಸುಮ್ಮನೆ ಸಡಿಲಗೊಳ್ಳುವುದಿಲ್ಲ. ಬೆನ್ನುಹುರಿಯಲ್ಲಿ ಅದರ ನರಕೋಶಗಳನ್ನು ತಡೆದು ನಿಲ್ಲಿಸಲಾಗುತ್ತದೆ. 'ಮಾಡು' ಎಂಬ ಅಪ್ಪಣೆಯಷ್ಟೇ 'ಬೇಡ' ಎಂಬ ಅಪ್ಪಣೆಯೂ ಮುಖ್ಯ. ಆ ತಡೆ ತಪ್ಪಿದರೆ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ: ಧನುರ್ವಾಯು. ಆ ರೋಗದ ವಿಷ ತಡೆಯುವ ಶಕ್ತಿಯನ್ನು ಕುಂದಿಸುತ್ತದೆ. ಎದುರುಬದುರಾದ ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದು ದೇಹ ಬಿಲ್ಲಿನಂತೆ ಬಾಗುತ್ತದೆ. ಈ ವಿಷದ ಪರಿಣಾಮವನ್ನೂ ಷೆರಿಂಗ್ಟನ್ ಸ್ವತಃ ಪ್ರಯೋಗದಿಂದ ಪರಿಶೀಲಿಸಿದ್ದರು. 1904ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸಗಳು 1906ರಲ್ಲಿ ಪುಸ್ತಕವಾದುವು. ಅನೇಕ ಕೋಶಗಳ ಸಮೂಹವನ್ನು ಒಬ್ಬ ವ್ಯಕ್ತಿಯನ್ನಾಗಿ ಒಟ್ಟುಗೂಡಿಸುವುದೇ ನರಮಂಡಲದ ಕೆಲಸ ಎಂಬುದು ಆ ಗ್ರಂಥದ ಸಾರ.

ಈ ಜ್ಞಾನವೆಲ್ಲ ಬೆಕ್ಕು, ನಾಯಿ, ಕೋತಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು ಎಂಬುದನ್ನು ಮರೆಮಾಚಬೇಕಾಗಿಲ್ಲ. ಇಂದು ಅಂತಹ ಪ್ರಯೋಗಗಳಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ಮೂಕಪ್ರಾಣಿಗಳ ಋಣ ನಮ್ಮ ಪ್ರತಿಯೊಂದು ಔಷಧಿಯ ಹಿಂದೆಯೂ ಉಂಟು.

ಪ್ರಾಧ್ಯಾಪಕರೆಂದರೆ ಪುಸ್ತಕದ ನಡುವೆ ಕುಳಿತವರು ಎಂದು ತಾವು ಭಾವಿಸಬಾರದು. 1915ರಲ್ಲಿ, ಮಹಾಯುದ್ಧದ ನಡುವೆ, ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿದ್ದ ಷೆರಿಂಗ್ಟನ್ ತಮ್ಮ ಐವತ್ತೇಳನೆಯ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಸಾಮಾನ್ಯ ಕೂಲಿಯಂತೆ ದುಡಿದರು. ದಣಿವನ್ನು ಕುರಿತು ಬರೆಯಬೇಕಾದವನು ದಣಿದು ನೋಡಬೇಕು ಎಂಬುದು ಅವರ ನಡತೆಯೇ ಹೇಳುವ ಮಾತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ಹಿರಿಯರಿಂದ ಬೆಳೆದ ಈ ನಗರದ ಕನ್ನಡ ಸಮಾಜಕ್ಕೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೌರವಗಳು ತಾವಾಗಿ ಬಂದುವು. 1920ರಿಂದ 1925ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷಪದವಿ; 1932ರಲ್ಲಿ, ಎಪ್ಪತ್ತೈದನೆಯ ವಯಸ್ಸಿನಲ್ಲಿ, ಎಡ್ಗರ್ ಏಡ್ರಿಯನ್ ಅವರೊಡನೆ ನೊಬೆಲ್ ಬಹುಮಾನ. ಅಧ್ಯಕ್ಷಪದವಿಯ ಕೊನೆಯ ವರ್ಷವಾದ 1925ರಲ್ಲೇ ಅವರ ಕವಿತೆಗಳ ಸಂಗ್ರಹವೊಂದು ಅಚ್ಚಾಯಿತು ಎಂಬುದನ್ನು ನಮ್ಮ ತರುಣರು ಗಮನಿಸಬೇಕು.

1936ರಲ್ಲಿ ನಿವೃತ್ತರಾಗುವವರೆಗೆ ಅವರು ಕೋಶಗಳನ್ನು ಪ್ರಶ್ನಿಸಿದರು. ಆಮೇಲೆ ಪ್ರಶ್ನೆ ಕೋಶದಿಂದ ಮನುಷ್ಯನ ಕಡೆಗೆ ತಿರುಗಿತು. 1937-38ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳು 1940ರಲ್ಲಿ 'ಮ್ಯಾನ್ ಆನ್ ಹಿಸ್ ನೇಚರ್' ಎಂಬ ಗ್ರಂಥವಾಗಿ ಹೊರಬಂದುವು. ಅದರ ಉದ್ದಕ್ಕೂ ಅವರು ಜೊತೆಗಾರನಾಗಿ ಕರೆದೊಯ್ಯುವುದು ಹದಿನಾರನೆಯ ಶತಮಾನದ ಫ್ರೆಂಚ್ ವೈದ್ಯ ಜಾನ್ ಫೆರ್ನೆಲನನ್ನು. 1946ರಲ್ಲಿ, ತಮ್ಮ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಅವನ ಮೇಲೆಯೇ ಇನ್ನೊಂದು ಗ್ರಂಥ ಬರೆದರು.

ಯಾರು ಈ ಫೆರ್ನೆಲ್? ಗಾಡಿಯ ಚಕ್ರ ಎಷ್ಟು ಸುತ್ತು ಉರುಳಿತೆಂದು ಎಣಿಸಿ, ಪ್ಯಾರಿಸಿನಿಂದ ಉತ್ತರಕ್ಕೆ ಪಯಣಿಸಿ ಭೂಮಿಯ ಅಳತೆಯನ್ನು ಲೆಕ್ಕಹಾಕಿದವನು. ಆ ಅಳತೆ 1528ರಲ್ಲಿ ಪ್ರಕಟವಾಯಿತು. ನಿಜವಾದ ಅಳತೆಗೆ ಬಹಳ ಹತ್ತಿರ ಬಂದಿತ್ತು. ಆಮೇಲೆ ಗಣಿತದ ಉಪಕರಣಗಳನ್ನು ಬದಿಗಿಟ್ಟು ವೈದ್ಯನಾದ. ದೊರೆ ಎರಡನೆಯ ಹೆನ್ರಿಯ ಆಸ್ಥಾನವೈದ್ಯನೂ ಆದ. ಜ್ಯೋತಿಷ್ಯವನ್ನು ನಂಬಿ ಮೊದಲುಮಾಡಿದವನು ರೋಗಿಯನ್ನು ನೋಡಿ ನೋಡಿ ಅದನ್ನು ಕೈಬಿಟ್ಟ. 'ಫಿಸಿಯಾಲಜಿ' ಎಂಬ ಪದವನ್ನು ಈಗಿನ ಅರ್ಥದಲ್ಲಿ ವೈದ್ಯಕ್ಕೆ ತಂದವನು ಅವನೇ. ಆ ಗ್ರಂಥದ ವರ್ಷ 1542. ತನ್ನ ಶಾಸ್ತ್ರಕ್ಕೆ ಹೆಸರಿಟ್ಟವನನ್ನು ನಾಲ್ಕು ಶತಮಾನಗಳ ಆಚೆಯಿಂದ ಹುಡುಕಿಕೊಂಡು ಹೋದ ಷೆರಿಂಗ್ಟನ್ ಹಳೆಯ ಲ್ಯಾಟಿನ್ ಹೊತ್ತಗೆಗಳನ್ನು ಸೂಕ್ಷ್ಮದರ್ಶಕದ ಗಾಜಿನಷ್ಟೇ ಶ್ರದ್ಧೆಯಿಂದ ನೋಡಿದರು. ಹಿಂದಿನವರು ಅಜ್ಞಾನಿಗಳೆಂದು ನಗಲಿಲ್ಲ. ತನ್ನ ಕಾಲದ ಬೆಳಕಿನಲ್ಲಿ ಪ್ರಾಮಾಣಿಕವಾಗಿ ಯೋಚಿಸಿದವನ ಮನಸ್ಸು ಹೇಗಿತ್ತು, ನಮ್ಮ ಕಾಲದ ಮನಸ್ಸು ಎಲ್ಲಿ ಬದಲಾಯಿತು ಎಂದು ಕೇಳಿದರು. ಈಗ ವೈದ್ಯಕೀಯ ಮಾನವಿಕ ಎಂದು ಕರೆಯುವ ಅಧ್ಯಯನದ ಜೀವಾಳ ಇದೇ.

ಆ ಗ್ರಂಥದಲ್ಲಿ ಷೆರಿಂಗ್ಟನ್ ಮಲೇರಿಯ ಜ್ವರದ ಜೀವಾಣುವನ್ನು ವಿವರವಾಗಿ ಚರ್ಚಿಸುತ್ತಾರೆ. ಇಲ್ಲಿ ನಮ್ಮ ನಾಡಿನ ನೆರಳೂ ಬೀಳುತ್ತದೆ. ಸೊಳ್ಳೆಯಲ್ಲಿ ಆ ಜೀವಾಣುವನ್ನು ಕಂಡ ರೊನಾಲ್ಡ್ ರಾಸ್ ಅವರು ಹುಟ್ಟಿದ್ದೂ 1857ರಲ್ಲೇ, ಅಲ್ಮೋರದಲ್ಲಿ. 1895ರಲ್ಲಿ ಕಾಲರಾ ನಿವಾರಣೆಗೆಂದು ಬೆಂಗಳೂರಿಗೆ ಬಂದು ಕೆಲಸ ಮಾಡಿದವರು; 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ತಮ್ಮ ಮಹಾಶೋಧವನ್ನು ಮಾಡಿದವರು. ಷೆರಿಂಗ್ಟನ್ ನರಸಂಧಿಗೆ ಹೆಸರಿಟ್ಟ ವರ್ಷವೂ ಅದೇ. 1899ರಲ್ಲಿ ರಾಸ್ ಲಿವರ್‌ಪೂಲಿಗೆ ಹೋದಾಗ ಷೆರಿಂಗ್ಟನ್ ಅದೇ ಊರಿನಲ್ಲಿ ಪ್ರಾಧ್ಯಾಪಕರು. ರಾಸ್ ಕೂಡ ಕವಿತೆ ಬರೆದವರೇ.

ಮಲೇರಿಯದ ಜೀವಾಣುವಿನ ರಚನೆ ಅದ್ಭುತ. ಸೊಳ್ಳೆಯ ಹೊಟ್ಟೆಗೂ ಮನುಷ್ಯನ ರಕ್ತಕ್ಕೂ ಅದು ಹೊಂದಿಕೊಂಡಿರುವ ಬಗೆ ಅದ್ಭುತ. ಆದರೆ ಅದರ ಫಲ ಲಕ್ಷಾಂತರ ಮಕ್ಕಳ ಮರಣ. ಹಾಗಾದರೆ ಪ್ರಕೃತಿಗೆ ಕರುಣೆ ಉಂಟೆ? ಷೆರಿಂಗ್ಟನ್ ಮನಸ್ಸಿಗೆ ಹಿತವಾದ ಉತ್ತರವನ್ನು ಕೊಡಲಿಲ್ಲ. ಪ್ರಕೃತಿಯಲ್ಲಿ ಕರುಣೆಯನ್ನು ಹುಡುಕುವುದು ವ್ಯರ್ಥ. ಪರರ ನೋವಿಗೆ ಮರುಗುವ ಗುಣ ಮನುಷ್ಯನಲ್ಲಿ ಹೊಸದಾಗಿ ಅರಳಿದ್ದು, ಅದನ್ನು ಕಾಪಾಡುವ ಹೊಣೆಯೂ ಅವನದೇ ಎಂಬ ಕಡೆಗೆ ಅವರ ವಿಚಾರ ಸಾಗಿತು.

ಮನಸ್ಸಿನ ವಿಚಾರದಲ್ಲಿಯೂ ಅವರ ಪ್ರಾಮಾಣಿಕತೆ ಅಷ್ಟೇ. ನಿದ್ದೆಯಿಂದ ಏಳುವ ಮಿದುಳನ್ನು ಅವರು ಮಾಯದ ಮಗ್ಗಕ್ಕೆ ಹೋಲಿಸಿದರು. ಆದರೆ ನರಗಳ ಸಂಚಾರವನ್ನು ಅಷ್ಟು ಬಲ್ಲವರು, ಆ ಸಂಚಾರ ಹೇಗೆ ಒಂದು ನೆನಪಾಗುತ್ತದೆ, ಒಂದು ದುಃಖವಾಗುತ್ತದೆ ಎಂಬುದನ್ನು ತಮ್ಮ ಶಾಸ್ತ್ರ ಹೇಳಲಾರದು ಎಂದು ಒಪ್ಪಿಕೊಂಡರು. ದೇಹ ಮನಸ್ಸುಗಳೆರಡೂ ಮೂಲದಲ್ಲಿ ಬೇರೆ ಬೇರೆ ಆಗಿರಬಾರದೇಕೆ ಎಂಬ ಭಾವ ಅವರಲ್ಲಿ ಕೊನೆಯವರೆಗೂ ಉಳಿಯಿತು. ಇಂದಿನ ವಿಜ್ಞಾನಿಗಳಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಅವರ ಶಿಷ್ಯ ಜಾನ್ ಎಕ್ಲ್ಸ್ ಅವರು 1951ರಲ್ಲಿ ಒಂದೊಂದು ನರಕೋಶದ ಒಳಕ್ಕೇ ಸೂಕ್ಷ್ಮವಾದ ಗಾಜಿನ ನಳಿಕೆಯನ್ನಿಳಿಸಿ, ಅಲ್ಲಿನ ತಡೆ ರಾಸಾಯನಿಕ ವಸ್ತುವಿನಿಂದ ಆಗುತ್ತದೆಂದು ಕಂಡು, ತಾವೇ ಬಹುಕಾಲ ಸಾಧಿಸಿಕೊಂಡು ಬಂದಿದ್ದ ವಿದ್ಯುತ್ ವಾದವನ್ನು ಕೈಬಿಟ್ಟರು. 1963ರಲ್ಲಿ ನೊಬೆಲ್ ಪಡೆದರು. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು 2009ರಲ್ಲಿ ಎಣಿಕೆಯಾಯಿತು. ಇಷ್ಟೆಲ್ಲ ತಿಳಿದ ಮೇಲೂ ಗುರುಗಳ ಪ್ರಶ್ನೆಗೆ ಪೂರ್ತಿ ಉತ್ತರ ದೊರೆತಿಲ್ಲ.

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಊರಿನಿಂದ ಚಿಕಿತ್ಸೆಗೆಂದು ಈ ನಗರಕ್ಕೆ ಬರುವ ನೆಂಟರನ್ನು, ನೆರೆಯವರನ್ನು ಆಸ್ಪತ್ರೆಗೆ ಕರೆದೊಯ್ಯದ ಮನೆ ಈ ಸಭೆಯಲ್ಲಿ ಇರಲಾರದು. ಕಲಬುರಗಿಯ ಕಡೆಯ ಅಜ್ಜಿ "ಕಾಲು ಜುಂ ಅಂತಾವ್ರೀ, ರಾತ್ರಿ ಬ್ಯಾನಿ ಭಾಳ" ಎನ್ನುತ್ತಾಳೆ. ನಡುವೆ ನಿಂತ ನಮ್ಮ ಹುಡುಗ ಇಂಗ್ಲಿಷಿನಲ್ಲಿ "ಪೇನ್" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಕಳೆದುಹೋದದ್ದು ಎಷ್ಟು! ಜೋಮು ಬೇರೆ, ಮರಗಟ್ಟುವುದು ಬೇರೆ. ಉರಿ ಬೇರೆ, ಸೆಳೆತ ಬೇರೆ, ಸಿಡಿತ ಬೇರೆ. ನರದ ವೈದ್ಯನಿಗೆ ಈ ಒಂದೊಂದು ಪದವೂ ಒಂದೊಂದು ದಾರಿಯನ್ನು ತೋರಿಸುತ್ತದೆ: ಕೆಟ್ಟಿರುವುದು ನರವೋ, ಸ್ನಾಯುವೋ, ರಕ್ತನಾಳವೋ ಎಂದು. ಷೆರಿಂಗ್ಟನ್ ನೋವನ್ನು ಅರಿಯುವ ನರತುದಿಗಳಿಗೆ ಬೇರೆಯೇ ಒಂದು ಹೆಸರನ್ನು, ಕಣ್ಣುಮುಚ್ಚಿದಾಗಲೂ ಕೈಕಾಲು ಎಲ್ಲಿದೆಯೆಂದು ತಿಳಿಸುವ ಅರಿವಿಗೆ ಇನ್ನೊಂದು ಹೆಸರನ್ನು ಟಂಕಿಸಿದರು. ಪದ ಬೇರೆಯಾದಾಗಲೇ ಪದಾರ್ಥ ಬೇರೆಯಾಗಿ ಕಾಣುತ್ತದೆ. ಆ ಅಜ್ಜಿಯ ಬಾಯಲ್ಲಿ ಅಂತಹ ಪದಗಳು ಆಗಲೇ ಇವೆ. ಕೇಳುವ ಕಿವಿ ಬೇಕು.

ಈ ಮಾತನ್ನು ವೈದ್ಯಶಿಕ್ಷಣದವರೂ ಈಗ ಒಪ್ಪಿದ್ದಾರೆ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ರೋಗಿಯೊಡನೆ ನಡೆದುಕೊಳ್ಳುವ ರೀತಿ, ನೀತಿ ಮತ್ತು ಸಂಭಾಷಣೆಯನ್ನು ಕಲಿಸುವ ಭಾಗವೊಂದು ಸೇರಿತು. ಮೊದಲ ವರ್ಷದ ಪ್ರಾರಂಭದಲ್ಲೇ ಸ್ಥಳೀಯ ಭಾಷೆಯ ಅಭ್ಯಾಸಕ್ಕೆ ಜಾಗ ದೊರೆಯಿತು. ಆದುದರಿಂದ ಮಹಾರಾಷ್ಟ್ರದಲ್ಲಿ ವೈದ್ಯನಾಗುವ ನಮ್ಮ ಹುಡುಗ ಮರಾಠಿಯನ್ನು ಚೆನ್ನಾಗಿ ಕಲಿಯಲಿ. ಅದು ಈ ನೆಲಕ್ಕೆ ನಾವು ಸಲ್ಲಿಸಬೇಕಾದ ಋಣ. ಅದರ ಜೊತೆಗೆ ಮನೆಯ ಕನ್ನಡವನ್ನೂ ಉಳಿಸಿಕೊಳ್ಳಲಿ. ಅದು ಊರಿನಿಂದ ಬರುವ ಅಜ್ಜಿಗೆ ಸಲ್ಲಿಸಬೇಕಾದ ಋಣ.

ಕನ್ನಡದಲ್ಲಿ ವಿಜ್ಞಾನ ಹೇಳಲಾಗದು ಎಂಬ ಮಾತಿಗೆ ಬೆಳ್ಳಾವೆ ವೆಂಕಟನಾರಣಪ್ಪನವರು ಒಂದು ಶತಮಾನದ ಹಿಂದೆಯೇ 'ವಿಜ್ಞಾನ' ಪತ್ರಿಕೆಯಿಂದ ಉತ್ತರ ಕೊಟ್ಟರು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳಿಂದ ಉತ್ತರ ಕೊಟ್ಟರು. ಕಾದಂಬರಿ ಬರೆದ ಕೈಯೇ ವಿಜ್ಞಾನವನ್ನೂ ಬರೆಯಿತು. ಇಂಗ್ಲೆಂಡಿನಲ್ಲಿ ನರಕೋಶವನ್ನು ಅಳೆದ ಕೈ ಕವಿತೆಯನ್ನೂ ಬರೆಯಿತು. ಎರಡು ಕಡೆಯೂ ಮನಸ್ಸು ಒಂದೇ.

ಸಂಘದವರಲ್ಲಿ ನಮ್ಮದೊಂದು ಬಿನ್ನಹವುಂಟು. ಊರಿನಿಂದ ಬಂದ ರೋಗಿಗಳ ಜೊತೆಗೆ ಹೋಗಿ ಅವರ ಮಾತನ್ನು ಪೂರ್ತಿಯಾಗಿ ವೈದ್ಯರಿಗೆ ತಲಪಿಸಬಲ್ಲ ಹತ್ತು ಮಂದಿ ತರುಣ ತರುಣಿಯರ ಒಂದು ಪಟ್ಟಿಯನ್ನು ಸಂಘ ಸಿದ್ಧಪಡಿಸಲಿ. ನೋವಿನ ಕನ್ನಡ ಪದಗಳನ್ನು ಮನೆಯ ಹಿರಿಯರಿಂದ ಕೇಳಿ ಅವರು ಬರೆದಿಟ್ಟುಕೊಳ್ಳಲಿ. ಎರಡು ಕೋಶಗಳ ನಡುವೆ ಬಿರುಕು ಇದ್ದೇ ಇರುತ್ತದೆ, ಆದರೂ ಸುದ್ದಿ ದಾಟುತ್ತದೆ. ರೋಗಿಗೂ ವೈದ್ಯನಿಗೂ ನಡುವೆ ಅದನ್ನು ದಾಟಿಸುವ ಕೆಲಸ ನಮ್ಮ ಮಕ್ಕಳದಾಗಲಿ.

 ಜಯ ಕರ್ನಾಟಕ.